ಆರು ತೂತಿನ ತಗಡು

ನಮ್ಮ ಕಡೆ ಯಾರಾದರೂ ವಾದ್ಯವೊಂದನ್ನು ಕೈಗೆತ್ತಿಕೊಂಡರೆ ಮೂರು ಪ್ರಶ್ನೆಗಳು ತಪ್ಪುವುದಿಲ್ಲ. ಯಾರ ಹತ್ತಿರ ಪಾಠ? ಜೂನಿಯರ್ ಕಟ್ಟಿದ್ದಾಯಿತಾ? ಕಛೇರಿ ಯಾವಾಗ? ಕೇಳುವವರ ಮನಸ್ಸಿನಲ್ಲಿ ಕೊಂಕೇನೂ ಇರುವುದಿಲ್ಲ. ಹುಡುಗ ಇಂಜಿನಿಯರಿಂಗ್ ಸೇರಿದನಂತೆ ಅಂದಾಗ ಯಾವ ಬ್ರಾಂಚು ಎಂದು ಕೇಳುವಷ್ಟೇ ಸಹಜವಾಗಿ ಕೇಳುತ್ತಾರೆ. ಐವತ್ತು ದಾಟಿದ ಮೇಲೆ ನಾನು ಪೆನ್ನಿ ವಿಸಿಲ್ ಊದಲು ಶುರುಮಾಡಿದಾಗ ಈ ಮೂರಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಗುರು ಇಲ್ಲ, ಪರೀಕ್ಷೆ ಇಲ್ಲ, ಕಛೇರಿಯಂತೂ ಇಲ್ಲವೇ ಇಲ್ಲ. "ಮತ್ಯಾಕೆ ಊದ್ತೀರಿ?" ಎಂದರು ಬಂಧುಗಳೊಬ್ಬರು. ಅವರು ತಮಾಷೆಗೆ ಕೇಳಿದ ಈ ನಾಲ್ಕನೆಯ ಪ್ರಶ್ನೆಯೇ ಮೊದಲ ಮೂರಕ್ಕಿಂತ ಗಟ್ಟಿಯಾದದ್ದು ಎಂದು ಆಮೇಲೆ ಅನ್ನಿಸಿತು. ಈ ಬರಹ ಅದಕ್ಕೆ ಕೊಟ್ಟ ತಡವಾದ ಉತ್ತರ.

ವಾದ್ಯದ ಪರಿಚಯ ಇಲ್ಲದವರಿಗೆ ಎರಡು ಮಾತು. ಸುಮಾರು ಒಂದಡಿ ಉದ್ದದ, ಹೆಬ್ಬೆರಳಿಗಿಂತ ತೆಳುವಾದ ಲೋಹದ ಕೊಳವೆ. ಮೇಲೆ ಆರು ತೂತು, ಹಿಂದೆ ಒಂದೂ ಇಲ್ಲ. ತುದಿಯಲ್ಲಿ ಪ್ಲಾಸ್ಟಿಕ್ಕಿನದೋ ಮರದ ಬಿರಡೆಯದೋ ಬಾಯಿ. ಐರ್ಲೆಂಡಿನಲ್ಲಿ ಇದಕ್ಕೆ ಟಿನ್ ವಿಸಿಲ್ ಎನ್ನುತ್ತಾರೆ. ಪೆನ್ನಿ ಯಾಕೆ ಬಂತು ಎಂದರೆ ಒಂದು ಪೆನ್ನಿಗೆ ಸಿಗುತ್ತಿತ್ತು ಎನ್ನುವವರು ಕೆಲವರು, ಬೀದಿಯಲ್ಲಿ ಊದುವವನಿಗೆ ಜನ ಪೆನ್ನಿ ಎಸೆಯುತ್ತಿದ್ದರು ಎನ್ನುವವರು ಕೆಲವರು. ಎರಡೂ ಅರ್ಥ ಒಂದೇ ಕಡೆ ಬೊಟ್ಟು ಮಾಡುತ್ತವೆ: ಇದು ಬಡವರ ಸಾಮಾನು. ನನ್ನದನ್ನು ತರಿಸಿಕೊಂಡದ್ದಕ್ಕೆ ಇಬ್ಬರು ಹೋಟೆಲಿಗೆ ಹೋಗಿ ಊಟ ಮಾಡಿ ಬರುವಷ್ಟು ಖರ್ಚಾಯಿತು, ಅಷ್ಟೆ. ವಿಸಿಲ್ ಎಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕುಕ್ಕರು. ಎರಡು ಕೂಗಿದ ಮೇಲೆ ಗ್ಯಾಸ್ ಆರಿಸಬೇಕೋ ಎಂಬ ಹಾಸ್ಯ ಈಗಲೂ ನಡೆಯುತ್ತಿದೆ.

ತಗಡಿನ ಈ ಕೊಳಲನ್ನು ಕಾರ್ಖಾನೆಯಲ್ಲಿ ಮಾಡಿ ಊರೂರಿಗೆ ಹರಡಿದವನು ರಾಬರ್ಟ್ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಕೃಷಿ ಕೂಲಿ. ಸಫೊಕ್ ಸೀಮೆಯ ಕೋನಿ ವೆಸ್ಟನ್ ಎಂಬ ಹಳ್ಳಿಯವನು. ಅವನ ಹೆಸರಿನ ಕಂಪನಿ ಹೇಳಿಕೊಂಡು ಬಂದ ಕಥೆಯ ಪ್ರಕಾರ 1843ರಲ್ಲಿ, ಆಗಷ್ಟೇ ಸುಲಭವಾಗಿ ಸಿಗುತ್ತಿದ್ದ ತವರ ಲೇಪಿತ ತಗಡನ್ನು ಸುರುಳಿ ಸುತ್ತಿ, ಬಾಯಿಗೊಂದು ಮರದ ತುಂಡು ಸಿಕ್ಕಿಸಿ ಕೊಳಲು ಮಾಡಿದ. ಆಮೇಲೆ ಕೈಗಾಡಿಯಲ್ಲಿ ಸಲಕರಣೆ ಹೇರಿಕೊಂಡು, ದಾರಿಯ ಸಂತೆಗಳಲ್ಲಿ ಮಾರುತ್ತಾ, ನಡೆದುಕೊಂಡೇ ಮ್ಯಾಂಚೆಸ್ಟರ್ ಸೇರಿದ. ಹತ್ತಿ ಗಿರಣಿಗಳ ಆ ಊರಿನಲ್ಲಿ ಐರ್ಲೆಂಡಿನಿಂದ ಬಂದ ಕೂಲಿಕಾರರು ತುಂಬಿದ್ದರು. ತಗಡು ಅವರ ಜೇಬು ಸೇರಿತು. ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಆಕಾರ, ಮರದ ಬಿರಡೆ ಎರಡನ್ನೂ ಉಳಿಸಿಕೊಂಡ ಅದೇ ಮಾದರಿ ಇವತ್ತಿಗೂ ಮಾರಾಟದಲ್ಲಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ರತಿ ವಾದ್ಯದಲ್ಲೂ ಕಷ್ಟ ಇದ್ದೇ ಇರುತ್ತದೆ. ಆದರೆ ಕಷ್ಟವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ. ನಮ್ಮ ಬಿದಿರಿನ ಕೊಳಲನ್ನೇ ನೋಡಿ. ಜಾತ್ರೆಯಲ್ಲಿ ಕೊಂಡು ತಂದ ಕೊಳಲನ್ನು ತುಟಿಗಿಟ್ಟು ಊದಿದರೆ ಬರೀ ಗಾಳಿ. ತುಟಿಯನ್ನು ಇಷ್ಟೇ ತೆರೆಯಬೇಕು, ಗಾಳಿ ಎದುರಿನ ಅಂಚಿಗೆ ಇದೇ ಓರೆಯಲ್ಲಿ ಬೀಳಬೇಕು. ದಿನಗಟ್ಟಲೆ ಹೀಗೇ ಉಸ್ ಉಸ್ ಎಂದು ತಲೆಸುತ್ತಿ ಕೂತವರು ನಮ್ಮಲ್ಲಿ ಎಷ್ಟು ಜನ! ಅದೇ ಕೊಳಲು ಅಟ್ಟದ ಮೇಲೆ, ಇಲ್ಲವೇ ಷೋಕೇಸಿನ ಕೃಷ್ಣನ ಪಕ್ಕದಲ್ಲಿ ಕಾಲ ಕಳೆಯುತ್ತದೆ. ವಿಸಿಲ್‌ನಲ್ಲಿ ತುಟಿ ಮಾಡಬೇಕಾದ ಕೆಲಸವನ್ನು ಬಾಯಿಯ ಸೀಳುಗಂಡಿಯೇ ಮಾಡಿಕೊಡುತ್ತದೆ. ಉಸಿರು ಅಲ್ಲಿಂದ ತೆಳು ಪಟ್ಟಿಯಾಗಿ ಹೊರಟು ಅದರ ಮುಂದಿನ ಪುಟ್ಟ ಕಿಟಕಿಯಾಚೆಯ ಚೂಪು ಅಂಚಿಗೆ ಬಡಿಯುತ್ತದೆ. ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಹೊಯ್ದಾಡಿ ಕೊಳವೆಯೊಳಗಿನ ಗಾಳಿಯನ್ನೆಲ್ಲ ನಡುಗಿಸುತ್ತದೆ. ಮೂರು ವರ್ಷದ ಮಗು ಊದಿದರೂ ಸ್ವರ ಬರುತ್ತದೆ. ಆರೂ ತೂತು ಮುಚ್ಚಿದರೆ ಷಡ್ಜ, ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ರಿ, ಗ, ಮ, ಪ, ದ, ನಿ. ಮತ್ತೆ ಎಲ್ಲ ಮುಚ್ಚಿ ಸ್ವಲ್ಪ ಜೋರಾಗಿ ಊದಿದರೆ ತಾರಸ್ಥಾಯಿ. ಮೊದಲ ಸಂಜೆಯೇ ಶಂಕರಾಭರಣದ ಆರೋಹಣ ಅವರೋಹಣ ಕೈಗೆ ಸಿಗುತ್ತದೆ. ಮನೆಯ ಹೊಸ್ತಿಲು ಅಷ್ಟು ತಗ್ಗು.

ಹೊಸ್ತಿಲು ತಗ್ಗು ಎಂದಮಾತ್ರಕ್ಕೆ ಮನೆ ಸಣ್ಣದು ಎಂದು ತಿಳಿಯುವುದು ಸಾಮಾನ್ಯ ತಪ್ಪು. ನಾನೂ ಮಾಡಿದೆ. ಎರಡು ವಾರದಲ್ಲಿ ಹತ್ತು ಹಾಡು ಕಲಿತು ಬೀಗಿದೆ. ಆಮೇಲೆ ಮೇರಿ ಬರ್ಗಿನ್ ನುಡಿಸಿದ್ದನ್ನು ಕೇಳಿದೆ. ಡಬ್ಲಿನ್‌ನ ಈ ಮಹಿಳೆಯ 'ಫೆಡೋಗಾ ಸ್ಟಾಯ್ನ್' ಎಂಬ ಧ್ವನಿಮುದ್ರಣ 1979ರದು. ಹೆಸರಿನ ಅರ್ಥವೂ ತಗಡಿನ ವಿಸಿಲ್‌ಗಳು ಎಂದೇ. ನನ್ನ ಕೈಯಲ್ಲಿದ್ದಂಥದೇ ಆರು ತೂತಿನ ಕೊಳವೆ. ಆದರೆ ಅಲ್ಲಿ ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಸ್ವರಗಳು ಉದುರುತ್ತಿದ್ದವು, ಒಂದೂ ಒಂದರ ಮೇಲೆ ಬೀಳುತ್ತಿರಲಿಲ್ಲ.

ಗುಟ್ಟು ಇರುವುದು ಈ ವಾದ್ಯದ ಬಡತನದಲ್ಲೇ. ಪಿಟೀಲಿನಲ್ಲಿ ಕಮಾನು ಒತ್ತಿ ಸ್ವರವನ್ನು ಉಬ್ಬಿಸಬಹುದು, ಸಡಿಲಿಸಿ ಕುಗ್ಗಿಸಬಹುದು. ಇದರಲ್ಲಿ ಜೋರಾಗಿ ಊದಿದರೆ ಸದ್ದು ಹೆಚ್ಚುವುದಕ್ಕಿಂತ ಮೊದಲು ಶ್ರುತಿ ಏರುತ್ತದೆ, ಇನ್ನೂ ಊದಿದರೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಮೆಲ್ಲಗೆ ಊದಿದರೆ ಶ್ರುತಿ ಕುಸಿಯುತ್ತದೆ. ಏರಿಳಿತದ ದಾರಿ ಮುಚ್ಚಿಹೋದದ್ದರಿಂದ ಭಾವವೆಲ್ಲ ಬೆರಳಿಗೆ ಇಳಿದಿದೆ. ಒಂದು ಸ್ವರ ನುಡಿಯುತ್ತಿರುವಾಗ ಮೇಲಿನ ಬೆರಳೊಂದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಇಡುವುದು 'ಕಟ್'. ಕೆಳಗಿನ ಬೆರಳನ್ನು ತೂತಿನ ಮೇಲೆ ಚಿಮ್ಮಿ ಎತ್ತುವುದು 'ಟ್ಯಾಪ್'. ಇವೆರಡನ್ನೂ ಒಂದೇ ಸ್ವರದೊಳಗೆ ಹೆಣೆದರೆ 'ರೋಲ್'. ಇವು ಬೇರೆ ಸ್ವರಗಳ ಹಾಗೆ ಕೇಳಿಸಬಾರದು, ಒಂದೇ ಸ್ವರವನ್ನು ಚಿವುಟಿದ ಹಾಗೆ ಕೇಳಿಸಬೇಕು. ನನ್ನ ರೋಲ್ ಒಂದು ವರ್ಷದ ನಂತರವೂ ಕಲ್ಲಿನ ದಾರಿಯಲ್ಲಿ ಹೋಗುವ ಎತ್ತಿನ ಗಾಡಿಯಂತೆ ಗಡಗಡ ಎನ್ನುತ್ತದೆ. ಹಾಗೆಂದು ದಿನಾ ಸಂಜೆ ಅದನ್ನು ಬಿಟ್ಟವನಲ್ಲ. ಕಷ್ಟವಿರುವುದು ಒಳಮನೆಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ನಮಗೆ ಮನೆಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿರುತ್ತದೆ.

ಐರಿಷ್ ಸಂಗೀತದಲ್ಲಿ ಎತ್ತರದ ಹೊಸ್ತಿಲುಗಳು ಇಲ್ಲವೆಂದಲ್ಲ. ತಿದಿ ಒತ್ತಿ ನುಡಿಸುವ ಇಲಿಯನ್ ಪೈಪ್ ಎಂಬ ವಾದ್ಯಕ್ಕೆ ಏಳು ವರ್ಷ ಕಲಿಕೆ, ಏಳು ವರ್ಷ ಅಭ್ಯಾಸ, ಆಮೇಲೆ ಏಳು ವರ್ಷ ನುಡಿಸಬೇಕು, ಆಗ ಪೈಪರ್ ಆಗುತ್ತಾನೆ ಎಂಬ ಮಾತು ಅವರಲ್ಲಿದೆ. ನಮ್ಮ ಯಾವ ವಿದ್ವಾಂಸರೂ ಒಪ್ಪುವಂಥ ಮಾತು. ಆದರೆ ಆ ಪೈಪರುಗಳು ಎಲ್ಲಿಂದ ಬರುತ್ತಾರೆ? 1962ರಲ್ಲಿ ಚೀಫ್ಟನ್ಸ್ ತಂಡ ಕಟ್ಟಿ ಐರಿಷ್ ಸಂಗೀತವನ್ನು ಜಗತ್ತು ಸುತ್ತಿಸಿದ ಪ್ಯಾಡಿ ಮೊಲೋನಿ ಪೈಪ್‌ಗೆ ಹೆಸರಾದವರು. ಬಾಲ್ಯದಲ್ಲಿ ಕೈಗೆ ಸಿಕ್ಕ ಮೊದಲ ವಾದ್ಯ ತಗಡಿನ ವಿಸಿಲ್. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಎಷ್ಟೋ ಮಕ್ಕಳಿಗೆ ಇದೇ ಮೊದಲ ಸಂಗೀತ ಪಾಠ. ಅವರಲ್ಲಿ ಬಹುಪಾಲು ಜನ ಮುಂದೆ ಏನನ್ನೂ ನುಡಿಸದೆ ಇರಬಹುದು. ಆದರೆ ಮೊಲೋನಿಯಂಥವರ ಎದುರು ಕೂತು ಕೇಳುವವರು ಅವರೇ. ರೋಲ್ ಕೆಟ್ಟರೆ ಗೊತ್ತಾಗುವ ಕಿವಿ ಅವರದು.

ಕ್ಲೇರ್ ಜಿಲ್ಲೆಯ ಡೂಲಿನ್ ಎಂಬ ಕಡಲಂಚಿನ ಊರಿನಲ್ಲಿ ಮೀಕೊ ರಸೆಲ್ ಎಂಬ ರೈತ ಇದ್ದ. 1915ರಿಂದ 1994ರವರೆಗೆ ಬದುಕಿದವನು. ಅವನ ನುಡಿಸುವಿಕೆಯಲ್ಲಿ ವೇಗವಿಲ್ಲ, ಅಲಂಕಾರ ಕಡಿಮೆ. ಹೊಲದಿಂದ ಬಂದು ಜಗಲಿಯಲ್ಲಿ ಕೂತು ಮಾತಾಡಿದ ಹಾಗಿರುತ್ತದೆ. ಆದರೂ ದೂರದೂರಿನ ಜನ ಅವನನ್ನು ಹುಡುಕಿಕೊಂಡು ಡೂಲಿನ್‌ಗೆ ಬರುತ್ತಿದ್ದರು. ಬರ್ಗಿನ್‌ಗಿಂತ ಅವನು ಕಡಿಮೆ ಎಂದು ಅಲ್ಲಿ ಯಾರೂ ತೂಗಿ ನೋಡಿದಂತಿಲ್ಲ. ನನಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೋ ಎಂದರೆ ಮೀಕೊನನ್ನೇ ಆರಿಸಿಕೊಳ್ಳುತ್ತೇನೆ. ಅವನ ಹಾಡನ್ನು ಕೇಳಿದ ಕೂಡಲೇ ನಾನೂ ಒಂದು ಕೈ ನೋಡೋಣ ಅನ್ನಿಸುತ್ತದೆ. ಬರ್ಗಿನ್ ಕೇಳಿದಾಗ ವಾದ್ಯ ಕೆಳಗಿಟ್ಟು ಕೈಮುಗಿಯೋಣ ಅನ್ನಿಸುತ್ತದೆ.

ಇದನ್ನೆಲ್ಲ ಓದುತ್ತಿರುವ ಸಂಗೀತಜ್ಞರ ಆಕ್ಷೇಪಣೆ ನನಗೆ ಕೇಳಿಸುತ್ತಿದೆ. ಅರೆಬರೆ ಕಲಿತವರು ಹೆಚ್ಚಾದರೆ ಕಲೆ ಕೆಡುತ್ತದೆ. ತಪ್ಪು ಬೆರಳು ಅಭ್ಯಾಸವಾದರೆ ತಿದ್ದುವುದು ಕಷ್ಟ. ಗುರುವಿಲ್ಲದೆ ಮನೋಧರ್ಮ ಬರುವುದುಂಟೆ? ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ರಾಗದ ಜೀವ ಪುಸ್ತಕದಲ್ಲೂ ಫೋನಿನಲ್ಲೂ ಸಿಗುವುದಿಲ್ಲ, ಎದುರಿಗೆ ಕೂತು ಹೇಳಿಕೊಡುವವರು ಬೇಕು. ಎರಡನೆಯದನ್ನೂ ಅರ್ಧ ಒಪ್ಪುತ್ತೇನೆ, ನನ್ನ ಎಡಗೈ ಉಂಗುರದ ಬೆರಳೇ ಅದಕ್ಕೆ ಸಾಕ್ಷಿ. ಆದರೆ ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ಬೀದಿಯಲ್ಲಿ ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗರಿಂದ ಕ್ರಿಕೆಟ್ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಮನೆಯ ಅಡುಗೆಯಿಂದ ಪಾಕಶಾಸ್ತ್ರ ಹಾಳಾಯಿತೆಂದೂ ಹೇಳುವುದಿಲ್ಲ. ಸಂಗೀತಕ್ಕೆ ಮಾತ್ರ ಈ ಮಡಿ ಯಾಕೆ?

ನಮ್ಮಲ್ಲೂ ಮೊದಲಿನಿಂದ ಮಡಿ ಇಷ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಶನಿವಾರ ರಾತ್ರಿ ಭಜನೆ ಮನೆಯಲ್ಲಿ ತಾಳ ಹಿಡಿದವರಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾರ್ಮೋನಿಯಂ ಬಾರಿಸುವವರು, ದಮ್ಮಡಿ ಹೊಡೆಯುವವರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರು, ಇವರಿಗೆಲ್ಲ ಹೊಸ್ತಿಲು ತಗ್ಗೇ ಇತ್ತು. ದನಿ ಒಡೆದವರೂ ಗುಂಪಿನಲ್ಲಿ ಸೇರಿಕೊಳ್ಳುತ್ತಿದ್ದರು. ಹೊಸ್ತಿಲು ಎತ್ತರವಾದದ್ದು ಪೇಟೆಯ ಮಧ್ಯಮ ವರ್ಗದ ಮನೆಗಳಲ್ಲಿ, ನಮ್ಮಂಥವರ ಮನೆಗಳಲ್ಲಿ. ಅಲ್ಲಿ ಮಗು ಸಂಗೀತಕ್ಕೆ ಹೋಗುತ್ತದೆ, ಇಲ್ಲವೇ ಹೋಗುವುದಿಲ್ಲ. ಎಸ್ಸೆಸ್ಸೆಲ್ಸಿ ಬಂದಾಗ ಬಿಡುತ್ತದೆ. ಬಿಟ್ಟ ಮೇಲೆ, ಒಂದು ಕಾಲಕ್ಕೆ ವರ್ಣ ಹಾಡುತ್ತಿದ್ದ ಹೆಂಗಸು ನಲವತ್ತು ವರ್ಷ ಅಡುಗೆಮನೆಯಲ್ಲೂ ಬಾಯಿ ಬಿಡುವುದಿಲ್ಲ, "ಅಭ್ಯಾಸ ತಪ್ಪಿಹೋಗಿದೆ" ಅನ್ನುತ್ತಾಳೆ. ಇಂಥವರು ನನಗೇ ನಾಲ್ಕಾರು ಜನ ಗೊತ್ತು. ನನ್ನ ಜಗಳ ಇರುವುದು ಇದರ ಜೊತೆ. ವಿದ್ವತ್ತಿನ ಜೊತೆ ಅಲ್ಲ.

ಹಾಗಂತ ಅಗ್ಗದ ವಾದ್ಯವನ್ನು ದೇವರ ಪಟ ಮಾಡಿ ಹೂ ಏರಿಸುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕದ ಕಥೆ ಅದಕ್ಕೆ ಅಡ್ಡ ಬರುತ್ತದೆ.

1950ರ ದಶಕದಲ್ಲಿ ಜೊಹಾನ್ಸ್‌ಬರ್ಗಿನ ಸುತ್ತಿನ ಕರಿಯರ ಬಡಾವಣೆಗಳಲ್ಲಿ, ಮುಖ್ಯವಾಗಿ ಅಲೆಗ್ಸಾಂಡ್ರಾದಲ್ಲಿ, ಹುಡುಗರ ಕೈಯಲ್ಲಿ ಈ ವಿಸಿಲ್ ಕಾಣಿಸಿಕೊಂಡಿತು. ಸ್ಯಾಕ್ಸೋಫೋನ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅಮೆರಿಕದ ಸ್ವಿಂಗ್ ಸಂಗೀತ ಕೇಳಿದ್ದರು, ಅದು ಬೇಕಿತ್ತು. ಬಾಯಿಯನ್ನು ಓರೆ ಮಾಡಿ ದವಡೆಯ ಪಕ್ಕಕ್ಕೆ ಕಚ್ಚಿಕೊಂಡು ಊದಿದರೆ ದನಿ ದಪ್ಪವಾಗುತ್ತದೆ, ಸ್ವರವನ್ನು ಬಾಗಿಸಲೂ ಬರುತ್ತದೆ ಎಂದು ಕಂಡುಕೊಂಡರು. ಒಬ್ಬ ಗಿಟಾರು, ಇಬ್ಬರು ಮೂವರು ವಿಸಿಲ್. ಬಿಳಿಯರ ಪೇಟೆಯ ರಸ್ತೆ ಮೂಲೆಯಲ್ಲಿ ನುಡಿಸಿ ಚಿಲ್ಲರೆ ಕೂಡಿಸುತ್ತಿದ್ದರು, ಪೊಲೀಸರು ಬಂದರೆ ಓಡುತ್ತಿದ್ದರು. ಈ ಸಂಗೀತಕ್ಕೆ 'ಕ್ವೇಲಾ' ಎಂದು ಹೆಸರು ಬಿತ್ತು. ಜುಲು ಭಾಷೆಯಲ್ಲಿ ಹತ್ತು, ಮೇಲೇರು ಎಂದರ್ಥ. ಪೊಲೀಸ್ ವ್ಯಾನಿಗೂ ಜನ ಕ್ವೇಲಾ-ಕ್ವೇಲಾ ಎನ್ನುತ್ತಿದ್ದರು. ಇಲಾಯಸ್ ಲೆರೋಲೆ ಮತ್ತು ಅವನ ತಂಡದ 'ಟಾಮ್ ಹಾರ್ಕ್' ಎಂಬ ಹಾಡು ಶುರುವಾಗುವುದೇ ಬೀದಿಯಲ್ಲಿ ಜೂಜಾಡುತ್ತಿದ್ದ ಹುಡುಗರು ಪೊಲೀಸರು ಬರುತ್ತಿದ್ದಾರೆಂದು ಎಚ್ಚರಿಸಿಕೊಳ್ಳುವ ಮಾತಿನಿಂದ. ಆಮೇಲೆ ವಿಸಿಲ್. 1958ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ನುಡಿಸಿದವರ ಕೈ ಸೇರಿದ್ದು ಮಾತ್ರ ಅತ್ಯಲ್ಪ.

ಕ್ವೇಲಾದ ದೊಡ್ಡ ಹೆಸರು ಸ್ಪೋಕ್ಸ್ ಮಾಶಿಯಾನೆ. ಅವನ ವಿಸಿಲ್‌ನಲ್ಲಿ ನಗುವೂ ಇದೆ, ಕೀಟಲೆಯೂ ಇದೆ. ಅಷ್ಟಾದರೂ ಸ್ಯಾಕ್ಸೋಫೋನ್ ಕೈಗೆಟುಕಿದ ಕೂಡಲೇ ಅವನು ಅತ್ತ ಹೊರಳಿದ, ಉಳಿದವರೂ ಹೊರಳಿದರು, ಅರವತ್ತರ ದಶಕದಲ್ಲಿ ಕ್ವೇಲಾ ಹಿಂದೆ ಸರಿಯಿತು. ಇದನ್ನು ವಾದ್ಯದ ಸೋಲು ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಬಡತನಕ್ಕೆ ಒದಗಿಬಂದ ವಾದ್ಯವನ್ನು ಬಡತನ ಸರಿದಾಗ ಬಿಡುವ ಹಕ್ಕು ಅವರಿಗಿತ್ತು. ಕೈಯಲ್ಲಿ ಕಾಸಿದ್ದೂ ತಗಡನ್ನೇ ಆರಿಸಿಕೊಳ್ಳುವ ನನ್ನಂಥವನ ಹವ್ಯಾಸಕ್ಕೂ, ಬೇರೆ ದಾರಿಯಿಲ್ಲದೆ ತಗಡು ಹಿಡಿದ ಹುಡುಗನ ಹೊಟ್ಟೆಪಾಡಿಗೂ ಒಂದೇ ಹೆಸರು ಕೊಡಬಾರದು. ಇಬ್ಬರಿಗೂ ಸಮಾನವಾದದ್ದು ಒಂದೇ: ಯಾರನ್ನೂ ಕೇಳದೆ ಶುರುಮಾಡಬಹುದಿತ್ತು.

ಹವ್ಯಾಸದ ಸುಖ ಎಲ್ಲಿದೆ ಎಂದು ಕೇಳಿದರೆ ಬಹಳ ಸಣ್ಣ ಸಣ್ಣ ಸಂಗತಿ ಹೇಳಬೇಕಾಗುತ್ತದೆ. ಉದಾಹರಣೆಗೆ, ಮೈಸೂರಿನ ಜುಲೈ ಸಂಜೆ ಹತ್ತು ನಿಮಿಷ ಊದಿದರೆ ಬಾಯಿಯ ಸೀಳಿನಲ್ಲಿ ಉಸಿರಿನ ನೀರು ಕಟ್ಟಿ ಗೊರಗೊರ ಎನ್ನುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿಯನ್ನು ಆ ಸೀಳಿನೊಳಗೆ ಬಿಟ್ಟು ಒಣಗಿಸಿದರೆ ಹನಿ ನಿಲ್ಲದೆ ಜಾರಿಹೋಗುತ್ತದೆ. ಮೊದಲ ನಾಲ್ಕು ಊದಿಗೆ ಬಾಯಲ್ಲಿ ನಿಂಬೆ ಸೋಪಿನ ರುಚಿ. ಪ್ಲಾಸ್ಟಿಕ್ಕಿನ ಬಾಯಿ ಅಂಟಿಕೊಂಡಿದ್ದರೆ ಬಿಸಿನೀರಿನಲ್ಲಿ ಅದ್ದಿ ಬಿಡಿಸಿಕೊಳ್ಳಬೇಕು, ಆಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ತಂಬೂರಿಯ ಶ್ರುತಿಗೆ ಕೂಡಿಸಬಹುದು. ನಮ್ಮ ಮನೆಯ ಶ್ರುತಿಪೆಟ್ಟಿಗೆಗೆ ಮೊದಲ ಬಾರಿ ಅದು ಸೇರಿದ ದಿನ ನಾನು ಷಡ್ಜ ಬಿಟ್ಟು ಬೇರೇನೂ ನುಡಿಸಲಿಲ್ಲ.

ಇನ್ನೊಂದು, ನಮ್ಮ ಕಿವಿಗೆ ಮಾತ್ರ ಸಿಗುವ ಸುಖ. ಬೆರಳು ಅದೇ ಇಟ್ಟುಕೊಂಡು ಷಡ್ಜವನ್ನು ಮಾತ್ರ ಒಂದು ಮನೆ ಮೇಲಕ್ಕೆ ಸರಿಸಿ ರಿಷಭದಿಂದ ಶುರುಮಾಡಿ ನೋಡಿ, ಖರಹರಪ್ರಿಯ ಎದ್ದು ಕೂರುತ್ತದೆ. ಮಧ್ಯಮದಿಂದ ಹಿಡಿದರೆ ಕಲ್ಯಾಣಿ, ಪಂಚಮದಿಂದ ಹರಿಕಾಂಬೋಜಿ. ವಿದ್ವಾಂಸರು ಗ್ರಹಭೇದ ಎಂದು ವೇದಿಕೆಯ ಮೇಲೆ ಚಮತ್ಕಾರ ತೋರಿಸುವುದು ಇಲ್ಲಿ ಬೆರಳಿಗೆ ಬಿಟ್ಟಿ ಸಿಗುತ್ತದೆ. ಐರಿಷ್ ಕುಣಿತದ ಹಾಡುಗಳಲ್ಲಿ ಈ ಖರಹರಪ್ರಿಯದ ಮನೆ ಬಹಳ ಬಳಕೆಯದು. ಮೊದಲು ಕೇಳಿದಾಗ ಪರಿಚಯದವರನ್ನು ಪರದೇಶದಲ್ಲಿ ಕಂಡಂತೆ ಆಗಿತ್ತು. ಮಧ್ಯಮ ನಿಷಾದ ಬಿಟ್ಟರೆ ಮೋಹನ, ಅದಂತೂ ಈ ಕೊಳವೆಗೆಂದೇ ಹುಟ್ಟಿದ ಹಾಗಿದೆ. ಆದರೆ ತೋಡಿಯ ತಂಟೆಗೆ ಹೋಗಬೇಡಿ. ಸಣ್ಣ ತೂತಿನ ಮೇಲೆ ಅರ್ಧ ಬೆರಳು ಜಾರಿಸಿ ಗಾಂಧಾರವನ್ನು ಅಲುಗಿಸಲು ನಾನು ಮಾಡಿದ ಪ್ರಯತ್ನವನ್ನು ಕೇಳಿ ಬೆಕ್ಕು ಎದ್ದು ಹೋಯಿತು.

ಬಿದಿರಿಗೂ ತಗಡಿಗೂ ನೇರ ನಂಟೊಂದು ಇದೆ. ಫಿನ್‌ಬಾರ್ ಫ್ಯೂರಿ ಎಂಬ ಐರಿಷ್ ಕಲಾವಿದನ ಹತ್ತಿರ ಭಾರತದ ಬಿದಿರಿನ ಕೊಳಲೊಂದಿತ್ತು. ಅದು ಪ್ರವಾಸದಲ್ಲಿ ಮುರಿದುಹೋಯಿತು. ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಅದನ್ನು ರಿಪೇರಿ ಮಾಡಲಾಗದೆ ಲೋಹದಲ್ಲಿ ಅಂಥದೇ ಒಂದನ್ನು ಮಾಡಲು ಹೊರಟ. 1971ರಲ್ಲಿ ಹೀಗೆ ಹುಟ್ಟಿದ್ದೇ ಎರಡಡಿ ಉದ್ದದ, ಮಂದ್ರ ದನಿಯ 'ಲೋ ವಿಸಿಲ್'. ಆಮೇಲೆ ಸಿನಿಮಾಗಳಲ್ಲಿ ಹಸಿರು ಬೆಟ್ಟ, ಮಂಜು, ವಿರಹ ಬಂದಾಗಲೆಲ್ಲ ಅದನ್ನು ಬಳಸಿ ಬಳಸಿ ಸವೆಸಿಬಿಟ್ಟರು, ಆ ಮಾತು ಬೇರೆ.

ಹಿಂದಕ್ಕೆ ಹೋದರೆ ಇನ್ನೂ ಹಳೆಯ ನಂಟು. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಹತ್ತಿರ ಇದ್ದಾಗ ಕುಂಪಣಿಯ ಬ್ಯಾಂಡುಗಳು ನುಡಿಸುತ್ತಿದ್ದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಅವೇ ನೊಟ್ಟುಸ್ವರಗಳು. ಅವುಗಳಲ್ಲಿ 'ವಂದೇ ಮೀನಾಕ್ಷಿ'ಯ ಮಟ್ಟು 'ರೇಕ್ಸ್ ಆಫ್ ಮ್ಯಾಲೋ' ಎಂಬ ಐರಿಷ್ ಕುಣಿತದ್ದು. ಮ್ಯಾಲೋ ಎನ್ನುವುದು ಕಾರ್ಕ್ ಜಿಲ್ಲೆಯ ಒಂದು ಊರು, ರೇಕ್ಸ್ ಎಂದರೆ ಅಲ್ಲಿನ ಪೋಲಿ ಹುಡುಗರು. ಪೋಲಿಗಳ ಹಾಡಿನ ಮೇಲೆ ಮೀನಾಕ್ಷಿಯನ್ನು ಕೂರಿಸಲು ದೀಕ್ಷಿತರಂಥ ದೀಕ್ಷಿತರಿಗೇ ಮಡಿ ಅಡ್ಡ ಬರಲಿಲ್ಲ ಎಂಬುದನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ.

ಐರ್ಲೆಂಡಿನಲ್ಲಿ ವಿಸಿಲ್ ಹಿಡಿದವರು ಶುರುವಿನಲ್ಲೇ ಕಲಿಯುವ ಹಾಡುಗಳಲ್ಲಿ ಇದೂ ಒಂದು. ನಾನೂ ಕಲಿತೆ, ಈ ಹಿನ್ನೆಲೆ ಯಾವುದೂ ಗೊತ್ತಿಲ್ಲದೆ. ಈ ವಾದ್ಯಕ್ಕೆ ಮೆಲುದನಿ ಎಂಬುದಿಲ್ಲ, ಮೇಲಿನ ಸ್ಥಾಯಿ ಗೋಡೆ ತೂರಿ ಹೋಗುತ್ತದೆ. ವಿಸಿಲ್‌ನ ಕಿಟಕಿಯ ಮೇಲೆ ಅರ್ಧಕ್ಕೆ ಟೇಪು ಅಂಟಿಸಿ ಸದ್ದು ತಗ್ಗಿಸಿಕೊಂಡೇ ನುಡಿಸುತ್ತಿದ್ದೆ. ಒಂದು ಭಾನುವಾರ ಬಾಗಿಲು ಬಡಿಯಿತು. ಮಹಡಿಯ ಮೇಲಿನ ಮನೆಯ ಅಜ್ಜಿ. ಎಂಬತ್ತರ ಹತ್ತಿರ ಬಂದವರು, ಮೆಟ್ಟಿಲಿಳಿದು ಬಂದಿದ್ದಾರೆ. ತೊಂದರೆಯಾಯಿತೇನೋ ಎಂದು ಗಾಬರಿಯಿಂದ ಕ್ಷಮೆ ಕೇಳಲು ಹೋದೆ.

"ಅದಲ್ಲಪ್ಪ, ವಂದೇ ಮೀನಾಕ್ಷಿ ಎಲ್ಲಿ ಕಲಿತೆ ನೀನು?"

ಇದು ಐರ್ಲೆಂಡಿನ ಹಾಡು ಅಜ್ಜಿ, ಎಂದೆ.

"ಯಾವ ಲೆಂಡೋ ನಾ ಕಾಣೆ. ಹತ್ತು ವರ್ಷದವಳಿದ್ದಾಗ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು." ಬಾಗಿಲ ಚೌಕಟ್ಟು ಹಿಡಿದು ನಿಂತೇ, ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಪಲ್ಲವಿ ಹಾಡಿದರು. ದನಿ ಒಡೆದಿತ್ತು, ಶ್ರುತಿ ಅಲುಗಿರಲಿಲ್ಲ. ನಾನು ಊದುತ್ತಿದ್ದದ್ದರ ಅರ್ಧ ವೇಗ. ನಡುವೆ ನಿಲ್ಲಿಸಿ, "ನಿಂಗ್ಯಾಕಷ್ಟು ಅವಸರ? ರೈಲಿಗೆ ಹೊತ್ತಾಯ್ತಾ?" ಎಂದು ಕೇಳಿದರು. ಇದು ಕುಣಿತದ ಹಾಡು ಎಂದು ವಿವರಿಸಲು ಹೋಗಿ ಬಿಟ್ಟುಬಿಟ್ಟೆ. ಒಳಗೆ ಬಂದು ಕೂತರು. ಟೇಪು ಕಿತ್ತು, ಅವರ ಕಾಲಕ್ಕೆ ಊದಿದೆ. ಎರಡನೆಯ ಭಾಗದಲ್ಲಿ ನಾನೊಂದು ದಾರಿ, ಅವರೊಂದು ದಾರಿ ಹೋಗಿ ಸೇರುವುದೇ ಆಗಲಿಲ್ಲ. ಯಾರದು ತಪ್ಪು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭಾನುವಾರಕ್ಕೆ ತಮ್ಮ ಹಳೇ ನೋಟ್‌ಬುಕ್ ಹುಡುಕಿ ತರುತ್ತೇನೆಂದು ಹೇಳಿ ಹೋಗಿದ್ದಾರೆ.